ಅರಿಶಿನ ತೇಲಿಸಿದ ಬೋಗುಣಿ

ನಾನೇನೂ ಸತ್ಯಹರಿಶ್ಚಂದ್ರನಲ್ಲ. ಕೆಲಸಕ್ಕೆ ತಡವಾದಾಗ ಸ್ಕೂಟರ್ ಪಂಕ್ಚರ್ ಎಂದು ಸುಳ್ಳು ಹೇಳಿದ್ದೇನೆ. ಬೀಡಿ ಬಿಟ್ಟೆ ಎಂದು ಹೆಂಡತಿಗೆ ಹತ್ತು ಸಲ ಸುಳ್ಳು ಹೇಳಿದ್ದೇನೆ. ಆದರೆ ಕಿವಿಗೆ ಬಿದ್ದ ಸದ್ದಿನ ವಿಷಯದಲ್ಲಿ, ಒಂದು ರಾತ್ರಿ ಬಿಟ್ಟರೆ, ಇವತ್ತಿನವರೆಗೂ ಒಂದೂ ಸುಳ್ಳಾಡಿದವನಲ್ಲ, ಯಾಕೆಂದರೆ ನನ್ನ ಅನ್ನ ಇರುವುದೇ ಈ ಕಿವಿಯಲ್ಲಿ. ಈಗ ಹೇಳುವುದನ್ನು ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಆ ರಾತ್ರಿ ನನ್ನ ಜೊತೆ ಇನ್ನಿಬ್ಬರು ಇದ್ದರು. ಇಬ್ಬರೂ ಬದುಕಿದ್ದಾರೆ, ಇದೇ ಮೈಸೂರಿನಲ್ಲಿದ್ದಾರೆ.

ನನ್ನ ಹೆಸರು ನಂಜುಂಡ. ನೆಲದಡಿಯ ನೀರಿನ ಪೈಪು ಎಲ್ಲಿ ಒಡೆದಿದೆ ಎಂದು ಕೇಳಿ ಹೇಳುವುದು ನನ್ನ ಕಸುಬು. ಒಬ್ಬ ಕಂಟ್ರಾಕ್ಟರರ ಕೈಕೆಳಗೆ ಇಪ್ಪತ್ತೊಂದು ವರ್ಷದಿಂದ ಇದೇ ಕೆಲಸ. ಎದೆಮಟ್ಟದ ಒಂದು ಕಬ್ಬಿಣದ ಸರಳು, ಅದರ ತುದಿಗೊಂದು ಹಿತ್ತಾಳೆಯ ಬಟ್ಟಲು. ಸರಳನ್ನು ನೆಲಕ್ಕೆ ಊರಿ ಬಟ್ಟಲಿಗೆ ಕಿವಿ ಕೊಟ್ಟರೆ ನೆಲದೊಳಗಿನ ಸದ್ದೆಲ್ಲ ಮೇಲೆ ಬರುತ್ತದೆ. ನಾವು ಅದನ್ನು ಕಿವಿಕೋಲು ಅನ್ನುತ್ತೇವೆ. ಈಗ ಮೆಷಿನ್ನುಗಳು ಬಂದಿವೆ, ಹೆಡ್‌ಫೋನ್ ಹಾಕಿಕೊಂಡು ಓಡಾಡುವವರಿದ್ದಾರೆ. ಅವರಿಗೆ ಸಿಗದೇ ಹೋದಾಗ ನನಗೆ ಫೋನ್ ಬರುತ್ತದೆ. ಹಗಲಲ್ಲಿ ಬಸ್ಸು ಲಾರಿಗಳ ಗದ್ದಲದಲ್ಲಿ ಏನೂ ಕೇಳುವುದಿಲ್ಲ. ಅದಕ್ಕೇ ಊರು ಮಲಗಿದ ಮೇಲೆ ನಮ್ಮ ಕೆಲಸ.

ನಮ್ಮ ಕಸುಬಿನಲ್ಲಿ ಸದ್ದು ಅಂದರೆ ರೋಗ. ಸದ್ದು ನಿಂತರೆ ವಾಸಿ. ಸದ್ದು ನಿಂತಿತೋ, ಕೋಲು ಹೆಗಲಿಗೆ ಹಾಕಿಕೊಂಡು ಟೀ ಕುಡಿದು ಮನೆಗೆ ಹೋಗಬಹುದು. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಗುಂಡಿ ತೋಡಲು ನನ್ನ ಜೊತೆ ಬರುವವನು ಮಾದೇವ. ನನ್ನ ಹೆಂಡತಿ ಗೌರಿಯ ತಮ್ಮ. ನಲವತ್ತರ ಹತ್ತಿರದವನು, ಹೊಟ್ಟೆ ಬಂದಿದೆ, ಆದರೆ ಗುದ್ದಲಿ ಹಿಡಿದರೆ ಇಬ್ಬರ ಕೆಲಸ ಒಬ್ಬನೇ ಮಾಡುತ್ತಾನೆ. ಅವನ ಗುದ್ದಲಿಯ ಕಾವು ಸೀಳಿತ್ತು. ಹೊಸ ಕಾವು ಹಾಕಿಸೋ ಎಂದರೆ ಕೇಳದೆ, ಸೀಳಿದ ಕಡೆ ಒಂದು ಕಬ್ಬಿಣದ ಬಳೆ ತೊಡಿಸಿದ್ದ. ಆ ಬಳೆ ಸಡಿಲ. ಪ್ರತಿ ಏಟಿಗೂ ಟಕ್ ಎಂದ ಮೇಲೆ ಟಿಣ್ ಎನ್ನುತ್ತಿತ್ತು. ಟಕ್... ಟಿಣ್. ಟಕ್... ಟಿಣ್. ಕಿವಿಯಿಂದ ಬದುಕುವ ನನಗೆ ಆ ಸದ್ದು ಕೇಳಿ ಕೇಳಿ ತಲೆ ಕೆಡುತ್ತಿತ್ತು.

ಅವನನ್ನು ಕೆಲಸಕ್ಕೆ ಸೇರಿಸಿದ ದಿನ ಗೌರಿ ನನ್ನಿಂದ ಒಂದು ಮಾತು ತೆಗೆದುಕೊಂಡಿದ್ದಳು.

"ಅವ್ನಿಗೆ ಮೂರು ಮಕ್ಳು ಕಣ್ರೀ. ಆಳದ್ ಗುಂಡಿಗೆ ಮಾತ್ರ ಇಳಿಸ್ಬೇಡಿ. ನನ್ ತಲೆ ಮೇಲೆ ಕೈಯಿಟ್ಟು ಹೇಳಿ."

ಕೈಯಿಟ್ಟೇ ಹೇಳಿದ್ದೆ.

ಇದು ನಡೆದದ್ದು ಹೋದ ಸಲದ ದೀಪಾವಳಿ ಕಳೆದು, ಚಳಿ ಶುರುವಾದ ಮೇಲೆ. ಯಾದವಗಿರಿಯ ಒಂದು ಹಳೇ ಬಂಗಲೆಯಿಂದ ದೂರು ಬಂದಿತ್ತು. ರಾತ್ರಿ ಹೊತ್ತು ನೆಲದಡಿ ಸದ್ದು. ಮೆಷಿನ್ನಿನವರು ಮೂರು ಸಲ ಬಂದು ಏನೂ ಸಿಗದೆ ವಾಪಸ್ಸು ಹೋಗಿದ್ದರು. ಆಗ ಕಂಟ್ರಾಕ್ಟರರಿಗೆ ನನ್ನ ನೆನಪಾಯಿತು. ನನಗೆ ಒಳಗೊಳಗೇ ಖುಷಿ. ಇವತ್ತು ಆ ಹೆಡ್‌ಫೋನಿನವರಿಗೆ ತೋರಿಸುತ್ತೇನೆ ಎಂದುಕೊಂಡೇ ಹೊರಟೆ.

ನಾವು ಹೋದಾಗ ಹನ್ನೊಂದು ಗಂಟೆ. ಕಾಂಪೌಂಡಿನ ತುಂಬ ಮರಗಳು, ಗಾಳಿ ಇಲ್ಲ, ಒಂದೆಲೆ ಅಲ್ಲಾಡುತ್ತಿಲ್ಲ. ಮನೆಯ ಮುಂದಿನ ಎರಡು ಕೋಣೆಗಳು ಹಲ್ಲಿನ ಕ್ಲಿನಿಕ್ಕು. ಬಾಗಿಲು ತೆರೆದವರು ಡಾಕ್ಟರ್ ವಿಮಲಾ, ಐವತ್ತು ದಾಟಿದವರು, ಭುಜದ ಮೇಲೊಂದು ಶಾಲು. ನಿದ್ದೆಗೆಟ್ಟು ಕಣ್ಣು ಕೆಂಪಾಗಿದ್ದವು, ಆದರೂ ನಕ್ಕರು.

"ಬನ್ನಿ ನಂಜುಂಡಪ್ಪ. ಹಗಲೆಲ್ಲ ನಾನು ಬೇರೆಯೋರ ಹಲ್ಲು ಕೊರೀತೀನಿ. ರಾತ್ರಿ ನನ್ನ ಮನೇನ ಇನ್ಯಾರೋ ಕೊರೀತಾರೆ."

ನಡುಮನೆಯ ಒಂದು ಮೂಲೆಯಲ್ಲಿ, ಬರೀ ನೆಲದ ಮೇಲೆ, ಅಗಲ ಬಾಯಿಯ ಹಿತ್ತಾಳೆ ಬೋಗುಣಿ ಇತ್ತು. ಕಂಠದವರೆಗೆ ನೀರು, ನೀರಿನ ಮೇಲೆ ಒಂದು ಚಿಟಿಕೆ ಅರಿಶಿನ ತೇಲುತ್ತಿತ್ತು. ಏನೋ ವ್ರತ ಇರಬೇಕೆಂದು ಮಾದೇವ ಚಪ್ಪಲಿ ಬಿಟ್ಟು ಕೈಮುಗಿದ.

"ದೇವರಲ್ಲಪ್ಪ ಅದು," ಎಂದರು ಡಾಕ್ಟರು. "ನಮ್ಮ ತಾತನ ಪದ್ಧತಿ. ಮಲಗೋ ಮುಂಚೆ ಇಡೋದು, ಅರಿಶಿನ ಅಲ್ಲಾಡುತ್ತಾ ಅಂತ ನೋಡೋದು, ಮಲಗೋದು. ತಾತ ಹೋಗಿ ನಲವತ್ತು ವರ್ಷದ ಮೇಲಾಯ್ತು. ಅಮ್ಮ ಇಡ್ತಿದ್ರು, ಈಗ ನಾನು ಇಡ್ತೀನಿ. ಯಾವತ್ತೂ ಅಲ್ಲಾಡಿರ್ಲಿಲ್ಲ."

"ಈಗ?"

"ಮೂರು ವಾರದಿಂದ... ನೀವೇ ನೋಡಿ."

ಬಗ್ಗಿ ನೋಡಿದೆ. ಅರಿಶಿನ ಸುಮ್ಮನೆ ತೇಲುತ್ತಿತ್ತು. ಆಮೇಲೆ ಒಂದು ಸಣ್ಣ ನಡುಕ. ಉಂಗುರದಂತೆ ಒಂದು ಅಲೆ ಎದ್ದು ಅಂಚಿಗೆ ಹೋಗಿ ಸತ್ತಿತು. ಎರಡು ಉಸಿರು ಬಿಡುವಷ್ಟು ಹೊತ್ತು ಏನಿಲ್ಲ. ಮತ್ತೆ ಇನ್ನೊಂದು. ರೈಲು ಹೋದರೂ ಹೀಗಾಗುತ್ತದೆ ಮೇಡಂ ಎಂದೆ. ಆ ಹೊತ್ತಿಗೆ ಯಾವ ರೈಲೂ ಇಲ್ಲ ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಕಿವಿಕೋಲು ಊರಿದೆ.

ಒಡೆದ ಪೈಪಿನದು ಸುಯ್ ಎನ್ನುವ ಒಂದೇ ಸಮನಾದ ಸದ್ದು, ನಿದ್ದೆಯಲ್ಲೂ ಗುರುತು ಹಿಡಿಯುತ್ತೇನೆ. ಇದು ಅದಲ್ಲ. ಟಕ್... ಸ್ವಲ್ಪ ಬಿಡುವು... ಟಕ್... ಆಮೇಲೆ ಸರ್‍ರ್ ಎಂದು ಮಣ್ಣು ಎಳೆದ ಸದ್ದು. ಆಮೇಲೆ ಏನೋ ಭಾರವಾದದ್ದನ್ನು ನೆಲದ ಮೇಲೆ ಜಾರಿಸಿಕೊಂಡು ಹೋದಂತೆ. ಮತ್ತೆ ಟಕ್.

ನಿಮಗೆ ಹೇಳಬೇಕು, ನಮ್ಮಪ್ಪ ನಂಜನಗೂಡಿನ ಕಡೆ ಊರೂರು ತಿರುಗಿ ಬಾವಿ ತೋಡುತ್ತಿದ್ದ. ಚಿಕ್ಕವನಿದ್ದಾಗ ನಾನು ಬಾವಿಯ ದಂಡೆಯ ಮೇಲೆ ಬೋರಲು ಮಲಗಿ ಕೆಳಗಿನ ಸದ್ದು ಕೇಳುತ್ತಿದ್ದೆ. ಮನುಷ್ಯ ನೆಲದೊಳಗಿದ್ದು ಮಣ್ಣು ಅಗೆದರೆ ಅದು ಮೇಲೆ ಹೇಗೆ ಕೇಳುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇದು ಅದೇ ಸದ್ದು. ಒಬ್ಬ ಅಗೆಯುತ್ತಿದ್ದಾನೆ, ಇನ್ನೊಬ್ಬ ಮಣ್ಣು ಎಳೆಯುತ್ತಿದ್ದಾನೆ.

ಕಿವಿಯನ್ನು ಇನ್ನಷ್ಟು ಒತ್ತಿದೆ. ಆಗ ಬಟ್ಟಲಿನೊಳಗೆ... ಯಾರೋ ಕೆಮ್ಮಿದರು. ಬಾಯಿಗೆ ಬಟ್ಟೆ ಒತ್ತಿಕೊಂಡು, ಯಾರಿಗೂ ಕೇಳಬಾರದು ಎಂಬಂತೆ, ಸಣ್ಣಗೆ.

ಕೋಲು ಕೈಯಿಂದ ಜಾರಿತು.

"ಏನ್ ಭಾವ?" ಎಂದ ಮಾದೇವ.

ನಾನು ಹೆದರಿದೆ ಎಂದು ಒಪ್ಪಿಕೊಳ್ಳುವ ಜಾತಿಯವನಲ್ಲ. "ಏನಿಲ್ಲ. ಪೈಪಲ್ಲಿ ಗಾಳಿ ಸೇರ್ಕೊಂಡದೆ," ಎಂದುಬಿಟ್ಟೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅಂತಾರಲ್ಲ, ಹಾಗೆ. ಬೋಗುಣಿ ಇದ್ದ ಕಡೆಯಿಂದ ಕೇಳುತ್ತಾ ಕೇಳುತ್ತಾ ಹೊರಗೆ ಬಂದೆ. ಸದ್ದು ಎಲ್ಲಕ್ಕಿಂತ ಜೋರಾಗಿದ್ದದ್ದು ಮುಂದಿನ ಮೆಟ್ಟಿಲಿಗೂ ಗೇಟಿಗೂ ನಡುವೆ, ರಸ್ತೆಯ ಪೈಪು ಮನೆಯೊಳಗೆ ಬರುವ ದಾರಿಯಲ್ಲೇ. ನೋಡಿ, ಪೈಪಿನ ಮೇಲೇ ಇದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಸಾಮಾನ್ಯವಾಗಿ ರಾತ್ರಿ ಗುರುತು ಹಾಕಿ ಬರುತ್ತೇವೆ, ಬೆಳಗ್ಗೆ ಆಳುಗಳು ಬಂದು ಅಗೆಯುತ್ತಾರೆ. ಆಳ ಹೋದರೆ ಪಕ್ಕಕ್ಕೆ ಹಲಗೆ ಕೊಟ್ಟು, ಅಡ್ಡ ಮರ ಬಿಗಿದು, ಆಮೇಲೆ ಮನುಷ್ಯ ಇಳಿಯಬೇಕು. ಅವತ್ತು ನಮ್ಮ ಹತ್ತಿರ ಹಲಗೆ ಇರಲಿಲ್ಲ. ಆದರೆ ಬೆಳಗ್ಗೆ ಹೆಡ್‌ಫೋನಿನವರನ್ನು ಕರೆಸಿ ಒಡೆದ ಪೈಪು ತೋರಿಸಬೇಕೆಂಬ ಹಟ ನನಗೆ.

"ಮಾದೇವ, ಒಂದು ನಾಲ್ಕಡಿ ಹೋಗು. ಪೈಪು ಕಾಣ್ತದೆ," ಎಂದೆ.

ಟಕ್... ಟಿಣ್. ಅವನು ಶುರು ಮಾಡಿದ.

ನಾಲ್ಕಡಿಗೆ ಪೈಪು ಸಿಕ್ಕಿತು. ಒಣಗಿದ ಕೊರಡಿನಂತಿತ್ತು. ಒಂದು ತೊಟ್ಟು ನೀರಿಲ್ಲ, ಸುತ್ತ ಮಣ್ಣು ಪುಡಿಪುಡಿ. ಆದರೆ ಕೋಲಿಟ್ಟು ಕೇಳಿದರೆ ಸದ್ದು ಇನ್ನೂ ಕೆಳಗೆ. ಮೊದಲಿಗಿಂತ ಸ್ಪಷ್ಟ.

"ನೀರೇ ಇಲ್ವಲ್ಲ ಭಾವ. ಬೆಳಗ್ಗೆ ನೋಡಾನ ಬುಡಿ."

"ಕೆಳಗೆ ಹಳೇ ಲೈನ್ ಇರ್ತದೆ ಕಣೋ. ಇನ್ನೊಂದಡಿ."

ಆ ಇನ್ನೊಂದಡಿ ಎಂಬ ಮಾತನ್ನು ಆ ರಾತ್ರಿ ಎಷ್ಟು ಸಲ ಹೇಳಿದೆನೋ. ನಾನು ಮೇಲಿನಿಂದ ಹಗ್ಗ ಬಿಟ್ಟು ಬಕೆಟ್ಟಿನಲ್ಲಿ ಮಣ್ಣು ಎಳೆಯುತ್ತಿದ್ದೆ. ಮೊದಲು ಮಾದೇವನ ಎದೆ ಕಾಣುತ್ತಿತ್ತು, ಆಮೇಲೆ ಭುಜ, ಆಮೇಲೆ ಬರೀ ತಲೆಗೆ ಸುತ್ತಿದ ಟವೆಲ್ಲು. ಒಂದೂವರೆ ಗಂಟೆಯ ಹೊತ್ತಿಗೆ ಅದೂ ಕಾಣಲಿಲ್ಲ. ಗೌರಿಯ ತಲೆ ಮೇಲೆ ಕೈಯಿಟ್ಟದ್ದು ನೆನಪಾಗಲಿಲ್ಲವೇ ಎಂದು ಕೇಳಬೇಡಿ. ನೆನಪಾಯಿತು. ನೆನಪಾಗಿಯೂ ಸುಮ್ಮನಿದ್ದೆ, ಅದೇ ನನ್ನ ಪಾಪ.

ಡಾಕ್ಟರು ಎರಡು ಲೋಟ ಕಾಫಿ ತಂದರು. ಅವರಿಗೂ ಒಳಗಿರಲು ಮನಸ್ಸಿರಲಿಲ್ಲ. ಮೆಟ್ಟಿಲ ಮೇಲೆ ಕೂತು ತಾತನ ವಿಷಯ ತೆಗೆದರು.

"ತಾತ ಹುಡುಗನಾಗಿದ್ದಾಗಲೇ ಚಿನ್ನದ ಗಣೀಲಿ ಕೆಲಸ ಮಾಡ್ದೋರು. ಮೊದಲನೇ ಮಹಾಯುದ್ಧಕ್ಕೆ ಅವರನ್ನ ಹಡಗು ಹತ್ತಿಸಿದ್ರು. ಬಂದೂಕು ಹಿಡಿಯೋಕಲ್ಲ, ನೆಲ ಅಗೆಯೋಕೆ."

"ಯುದ್ಧದಲ್ಲಿ ನೆಲ ಅಗೆಯೋದೇನು ಮೇಡಂ?"

"ಎರಡೂ ಕಡೆ ಸೈನಿಕರು ಉದ್ದುದ್ದ ಕಂದಕ ತೋಡ್ಕೊಂಡು ಎದುರುಬದುರು ಕೂತಿರ್ತಿದ್ರಂತೆ. ತಲೆ ಎತ್ತಿದ್ರೆ ಗುಂಡು. ಮೇಲೆ ಮುಂದೆ ಹೋಗೋಕಾಗಲ್ಲ ಅಂತ ಕೆಳಗಿಂದ ಹೋಗ್ತಿದ್ರು. ಶತ್ರು ಕೂತಿರೋ ಜಾಗದ ಅಡಿವರೆಗೂ ಸುರಂಗ ಕೊರೆದು, ಅಲ್ಲಿ ಮೂಟೆಗಟ್ಟಲೆ ಸಿಡಿಮದ್ದು ತುಂಬಿ ಸಿಡಿಸೋದು. ಆ ಕಡೆಯೋರೂ ಇದೇ ಮಾಡ್ತಿದ್ರು. ಒಬ್ಬರ ಕೆಳಗೆ ಒಬ್ಬರು."

ಸುರಂಗ ಎಷ್ಟು ಇಕ್ಕಟ್ಟೆಂದರೆ ಬೆನ್ನ ಮೇಲೆ ಮಲಗಿ, ಸನಿಕೆಯನ್ನು ಕಾಲಿನಿಂದ ಒದ್ದು ಮಣ್ಣು ಬಿಡಿಸಬೇಕಿತ್ತಂತೆ. ಮಾತಾಡುವ ಹಾಗಿಲ್ಲ. ಬೂಟಿಗೆ ಗೋಣಿ ಸುತ್ತಿಕೊಂಡು ಓಡಾಟ. ಬೆಳಕಿಗೆ ಒಂದು ಮೇಣದಬತ್ತಿ. ಡಾಕ್ಟರ ತಾತನ ಕಿವಿ ಸೂಕ್ಷ್ಮ, ಅದಕ್ಕೆ ಅವರಿಗೆ ಕೇಳುವ ಕೆಲಸ ಕೊಟ್ಟಿದ್ದರಂತೆ. ಕತ್ತಲಲ್ಲಿ ಒಬ್ಬರೇ ಕೂತು, ಗೋಡೆಗೆ ಕಿವಿಯಿಟ್ಟು, ಮುಂದೆ ಒಂದು ತಟ್ಟೆ ನೀರಿಟ್ಟುಕೊಂಡು, ಆ ಕಡೆಯವರು ಎಲ್ಲಿ ಅಗೆಯುತ್ತಿದ್ದಾರೆ ಎಂದು ತಿಳಿದು ಹೇಳಬೇಕು. ಕೆಲವು ಸಲ ನಡುವೆ ಒಂದು ಮೊಳ ಮಣ್ಣು ಮಾತ್ರ ಇರುತ್ತಿತ್ತಂತೆ. ಶತ್ರು ಕೆಮ್ಮಿದ್ದೂ ಕೇಳುತ್ತಿತ್ತಂತೆ.

ಕಾಫಿ ಲೋಟ ಕೆಳಗಿಟ್ಟೆ. ಕೆಮ್ಮಿನ ವಿಷಯ ನಾನು ಅವರಿಗೆ ಹೇಳಿರಲಿಲ್ಲ.

"ವಾಪಸ್ ಬಂದ್ಮೇಲೂ ತಾತ ಮಂಚದ ಮೇಲೆ ಮಲಗಲೇ ಇಲ್ಲ. ನಾನು ನೋಡಿದೀನಿ, ಚಿಕ್ಕವಳು ಆಗ. ನೆಲಕ್ಕೆ ಕಿವಿ ಕೊಟ್ಟೇ ಮಲಗ್ತಿದ್ರು. ಯಾಕೆ ತಾತ, ಯುದ್ಧ ಮುಗೀತಲ್ಲ ಅಂದ್ರೆ, ಮುಗೀತು ಅಂತ ಮೇಲಿದ್ದೋರಿಗೆ ಹೇಳಿದ್ರು ಮಗೂ, ಕೆಳಗಿದ್ದೋರಿಗೆ ಯಾರು ಹೇಳಿದ್ರು ಅಂತಿದ್ರು. ಅವರಿಂದ ಒಂದು ಸಲ ಒಂದು ತಪ್ಪಾಯ್ತಂತೆ ನಂಜುಂಡಪ್ಪ. ಅದಕ್ಕೇ ಕೊನೇವರೆಗೂ..."

"ಇರಿ ಮೇಡಂ, ಬಂದೆ," ಎಂದು ಎದ್ದುಬಿಟ್ಟೆ. ನನಗೆ ಕೇಳುವ ತಾಳ್ಮೆ ಇರಲಿಲ್ಲ. ನಿಜ ಹೇಳಬೇಕೆಂದರೆ ಧೈರ್ಯ ಇರಲಿಲ್ಲ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎಂಬಂತೆ ಗುಂಡಿಯ ಬಾಯಿಗೆ ಬಂದು ಮಾದೇವನ ಮೇಲೆ ರೇಗಿದೆ.

"ಏನೋ ನಿದ್ದೆ ಮಾಡ್ತಿದೀಯ? ಬೇಗ ಬೇಗ ಹಾಕೋ!"

"ಉಸ್ರು ಕಟ್ತದೆ ಭಾವ. ಒಂದ್ ಗಳಿಗೆ ಇರಿ." ಟಕ್... ಟಿಣ್.

ಕೋಲನ್ನು ಗುಂಡಿಯ ಪಕ್ಕದಲ್ಲಿ ಊರಿ ಕೇಳಿದೆ. ಮಾದೇವನ ಟಕ್-ಟಿಣ್ ಒಂದು ಕಡೆ. ಅದರ ಅಡಿಯಲ್ಲಿ, ಅದಕ್ಕೆ ಉತ್ತರ ಕೊಡುವಂತೆ, ಆ ಇನ್ನೊಂದು ಟಕ್. ಅವನು ನಿಲ್ಲಿಸಿದರೆ ಅದೂ ನಿಲ್ಲುತ್ತಿತ್ತು. ಅವನು ಶುರು ಮಾಡಿದರೆ ಅದೂ ಶುರು. ಕೆಳಗಿದ್ದವರು ನಮ್ಮನ್ನು ಕೇಳಿಸಿಕೊಳ್ಳುತ್ತಿದ್ದರು.

ಆಮೇಲೆ ಸದ್ದು ನಿಂತಿತು.

ಮಾದೇವ ಅಗೆಯುತ್ತಲೇ ಇದ್ದ, ಕೆಳಗಿನದು ಮಾತ್ರ ನಿಂತಿತು. ಒಂದು ನಿಮಿಷ ಕಾದೆ. ಎರಡು ನಿಮಿಷ. ಏನೂ ಇಲ್ಲ. ನನ್ನ ಮೈಯಿಂದ ಒಂದು ಮೂಟೆ ಇಳಿದ ಹಾಗಾಯಿತು. ಇಪ್ಪತ್ತೊಂದು ವರ್ಷದ ಅಭ್ಯಾಸ ನೋಡಿ, ಸದ್ದು ನಿಂತರೆ ವಾಸಿ! ಹಲ್ಲು ಕಿರಿದುಕೊಂಡು ಮೆಟ್ಟಿಲ ಹತ್ತಿರ ಬಂದೆ.

"ಆಯ್ತು ಮೇಡಂ. ನಿಂತೋಯ್ತು. ಇನ್ನು ನಿಶ್ಚಿಂತೆಯಾಗಿ ಮಲ್ಕೊಳಿ."

ಡಾಕ್ಟರ ಮುಖ ಬಿಳಿಚಿಕೊಂಡದ್ದು ಆ ಮಂದ ದೀಪದಲ್ಲೂ ಕಂಡಿತು. ಅವರು ಒಳಗೆ ಓಡಿದರು. ನಾನೂ ಹಿಂದೆ ಹೋದೆ. ಬೋಗುಣಿಯಲ್ಲಿ ಅರಿಶಿನ ಹೆಪ್ಪುಗಟ್ಟಿದಂತೆ ನಿಂತಿತ್ತು.

"ಯಾವಾಗ ನಿಂತಿದ್ದು?"

"ಈಗ್ಲೇ, ಒಂದೆರಡು ನಿಮಿಷ..."

"ಅವರನ್ನ ಮೇಲೆ ಕರೀರಿ. ಈಗಲೇ!" ಅವರ ದನಿ ಒಡೆದುಹೋಗಿತ್ತು. "ತಾತ ಮಾಡಿದ ತಪ್ಪು ಇದೇ ಕಣ್ರೀ. ಸದ್ದು ನಿಂತಿದೆ, ಮಲಗಿ ಅಂತ ಹೇಳಿ ಹೊರಗೆ ನೀರು ಕುಡಿಯೋಕೆ ಬಂದ್ರಂತೆ. ಒಳಗಿದ್ದ ಅವರ ಕಡೆಯೋರು ಒಬ್ಬರೂ ಉಳೀಲಿಲ್ಲ. ಅಗೆಯೋ ಸದ್ದು ಕೇಳ್ತಿರೋವರೆಗೂ ನಿದ್ದೆ ಮಾಡು, ಸದ್ದು ನಿಂತ್ರೆ ಎದ್ದು ಓಡು ಅಂತಿದ್ರು. ಅಗೀತಿದ್ದಾರೆ ಅಂದ್ರೆ ಇನ್ನೂ ಕೆಲಸ ಮುಗಿದಿಲ್ಲ. ನಿಂತಿತು ಅಂದ್ರೆ... ಮದ್ದು ತುಂಬ್ತಿದ್ದಾರೆ."

ನಂಬಬೇಕೋ ನಗಬೇಕೋ ತಿಳಿಯಲಿಲ್ಲ. ಕೈಯಲ್ಲಿ ಕೋಲಿತ್ತು. ಬೋಗುಣಿಯ ಪಕ್ಕದಲ್ಲೇ ಊರಿ ಕಿವಿ ಕೊಟ್ಟೆ. ಅಗೆತ ಇಲ್ಲ. ಆದರೆ ಬೇರೆ ಏನೋ ಇತ್ತು. ಧಪ್... ಮೆತ್ತಗೆ. ಧಪ್... ಮೂಟೆಯ ಮೇಲೆ ಮೂಟೆ ಇಟ್ಟಂತೆ, ತುಂಬ ಹುಷಾರಾಗಿ, ಮಲಗಿದ ಮಗುವಿನ ಪಕ್ಕ ಏನನ್ನಾದರೂ ಇಡುತ್ತೇವಲ್ಲ, ಅಷ್ಟು ಹುಷಾರಾಗಿ. ಆಮೇಲೆ ಗೋಣಿ ಸುತ್ತಿದ ಕಾಲುಗಳು ದೂರ ದೂರ ಸರಿದು ಹೋದ ಸದ್ದು. ಆಮೇಲೆ ಅದೂ ಇಲ್ಲ.

ಆಗ ನನಗೆ ಅಪ್ಪನ ಬಾವಿ ನೆನಪಾಯಿತು. ಅಪ್ಪ ಕೆಳಗಿದ್ದಾಗ ಗುದ್ದಲಿಯ ಸದ್ದು ನಿಂತರೆ ಸಾಕು, ಒಲೆ ಮುಂದಿದ್ದ ಅಮ್ಮ ಸೌಟು ಬಿಸಾಕಿ ಓಡಿಬರುತ್ತಿದ್ದಳು. ಸದ್ದು ನಿಲ್ಲುವುದು ಕೆಟ್ಟದ್ದು ಎಂದು ನನಗೆ ಆರು ವರ್ಷಕ್ಕೇ ಗೊತ್ತಿತ್ತು. ದೊಡ್ಡವನಾಗಿ ಕಸುಬು ಕಲಿತು ಮರೆತಿದ್ದೆ.

ಓಡಿದೆ.

"ಮಾದೇವಾ! ಮೇಲೆ ಬಾರೋ!"

"ಬಂದೆ ಇರಿ ಭಾವ. ಇಲ್ಲೊಂದು ತೂತದೆ. ಗಾಳಿ ಬತ್ತಾ ಅದೆ."

ಗುಂಡಿಯ ಬಾಯಿಯಲ್ಲಿ ಬೋರಲು ಬಿದ್ದೆ. ಕೆಳಗಿನಿಂದ ವಾಸನೆ ಮುಖಕ್ಕೆ ಹೊಡೆಯಿತು. ಹಸಿ ಮಣ್ಣಿನದಲ್ಲ. ಒದ್ದೆ ಕಂಬಳಿಯ ವಾಸನೆ, ಈಗಷ್ಟೇ ಆರಿಸಿದ ಮೇಣದಬತ್ತಿಯ ವಾಸನೆ. ಮಾದೇವನ ಟಾರ್ಚಿನ ಬೆಳಕು ಗುಂಡಿಯ ತಳದ ಒಂದು ಮೂಲೆಯ ಮೇಲಿತ್ತು. ಅಲ್ಲಿ ಹಿಡಿಯಷ್ಟು ಕತ್ತಲೆ. ಅವನು ಅದರ ಮುಂದೆ ಮಂಡಿಯೂರಿ ಬಗ್ಗಿದ್ದ.

"ಒಳಗೆ ಯಾರೋ ಅವ್ರೆ ಭಾವ..." ದನಿ ಇಳಿಸಿ ಹೇಳಿದ. "ನನ್ ಗುದ್ದಲಿ ಇಡ್ಕೊಂಡವ್ರೆ."

"ಬುಡೋ ಅದನ್ನ! ಗುದ್ದಲಿ ಬುಡೋ! ನಿಮ್ಮಕ್ಕನ ಆಣೆ ಕಣೋ, ಹಗ್ಗ ಹಿಡ್ಕೊ!"

ಅಕ್ಕನ ಆಣೆ ಎಂದದ್ದಕ್ಕೋ, ನನ್ನ ದನಿಗೋ, ಅವನು ಕೈಬಿಟ್ಟು ಹಗ್ಗ ಹಿಡಿದ. ನಾನು ಎಳೆದೆ. ಡಾಕ್ಟರು ಶಾಲು ಬಿಸಾಕಿ ಬಂದು ನನ್ನ ಹಿಂದೆ ಹಗ್ಗ ಹಿಡಿದರು. ಅವನು ಪೈಪಿನ ಮೇಲೆ ಕಾಲಿಟ್ಟು ಮೇಲಕ್ಕೆ ಚಿಮ್ಮಿದ. ಅವನ ಹೊಟ್ಟೆ ಅಂಚಿಗೆ ಬಂತು. ಬನಿಯನ್ ಹಿಡಿದು ಎಳೆದುಕೊಂಡೆ, ಮೂವರೂ ಗೇಟಿನ ಕಡೆ ಉರುಳಿದೆವು.

ಸದ್ದೇನೂ ಆಗಲಿಲ್ಲ. ಆಣೆ ಮಾಡಿ ಹೇಳುತ್ತೇನೆ, ಒಂದು ಪಟಾಕಿಯಷ್ಟೂ ಸದ್ದಾಗಲಿಲ್ಲ. ನೆಲ ಮಾತ್ರ ನಮ್ಮ ಮೈಯಡಿಯಲ್ಲಿ ಒಮ್ಮೆ ಎದ್ದು ಇಳಿಯಿತು, ಉಸಿರು ಎಳೆದು ಬಿಟ್ಟಂತೆ. ಒಳಗೆ ಬೋಗುಣಿ ಠಣ್ಣೆಂದು ಮಗುಚಿದ್ದು ಕೇಳಿತು. ಬೀದಿಯಲ್ಲಿ ನಿಂತಿದ್ದ ಒಂದು ಕಾರಿನ ಅಲಾರಂ ಒಂದೇ ಸಮನೆ ಕೂಗಿಕೊಳ್ಳಲು ಶುರು ಮಾಡಿತು. ತಿರುಗಿ ನೋಡಿದರೆ ಗುಂಡಿ ಇರಲಿಲ್ಲ. ನಾಲ್ಕು ಗೋಡೆಗಳೂ ಒಂದಾಗಿ ಮುಚ್ಚಿಕೊಂಡಿದ್ದವು. ಅದರ ಮೇಲೆ ಹೊಗೆಯಂತೆ ಸಣ್ಣ ಧೂಳು ಮಾತ್ರ ಏಳುತ್ತಿತ್ತು.

ಮಾದೇವ ಅಂಗೈ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದ. ನಾನು ಅವನ ಬೆನ್ನ ಮೇಲೆ ಕೈಯಿಟ್ಟುಕೊಂಡೇ ಕೂತಿದ್ದೆ. ತೆಗೆದರೆ ಅವನು ಇಲ್ಲವಾಗುತ್ತಾನೇನೋ ಎಂಬ ಭಯ ನನಗೆ. ಸದ್ದು ನಿಂತರೆ ಓಡು ಎಂಬ ತಾತನ ಮಾತನ್ನು ಡಾಕ್ಟರು ಅವನಿಗೂ ಹೇಳಿದರು.

ಬೆಳಗ್ಗೆ ಕಂಟ್ರಾಕ್ಟರರು ಬಂದರು. ಹಲಗೆ ಕೊಡದೆ ಆಳಕ್ಕೆ ಇಳಿಸಿದೆಯಲ್ಲ, ಬುದ್ಧಿ ಇದೆಯಾ ಎಂದು ಉಗಿದರು. ಉಗಿಸಿಕೊಂಡೆ, ನ್ಯಾಯವಾದ ಮಾತು. ಜೆಸಿಬಿ ತರಿಸಿ ಹತ್ತಡಿಯವರೆಗೂ ಅಗೆಸಿದರು. ಪೈಪು ಗಟ್ಟಿಯಾಗಿತ್ತು. ಕೆಳಗೆ ಯಾವತ್ತೂ ಯಾರೂ ಮುಟ್ಟದ ಗಟ್ಟಿ ಕೆಂಪು ಮಣ್ಣು. ಸುರಂಗವಿಲ್ಲ, ಇಲಿಯ ಬಿಲವೂ ಇಲ್ಲ. ಮಾದೇವನ ಟಾರ್ಚು ಸಿಕ್ಕಿತು, ಒಂದು ಚಪ್ಪಲಿ ಸಿಕ್ಕಿತು, ಬಕೆಟ್ಟು ಅಪ್ಪಚ್ಚಿಯಾಗಿ ಸಿಕ್ಕಿತು. ಗುದ್ದಲಿ ಮಾತ್ರ ಸಿಗಲಿಲ್ಲ. ಮಣ್ಣನ್ನು ಜರಡಿ ಹಿಡಿದಂತೆ ನಾನೇ ಕೈಯಾಡಿಸಿ ನೋಡಿದೆ. ಸಿಗಲಿಲ್ಲ.

ಡಾಕ್ಟರ ಮನೆಯಲ್ಲಿ ಅವತ್ತಿನಿಂದ ಸದ್ದಿಲ್ಲವಂತೆ. ಅರಿಶಿನ ಅಲ್ಲಾಡುವುದಿಲ್ಲವಂತೆ. ಅವರು ಹಾಯಾಗಿ ಮಲಗುತ್ತಾರೆಯೇ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಯಾರಿಗೂ ಹೇಳುತ್ತಿರಲಿಲ್ಲ.

ನಮ್ಮದು ರಾಮಕೃಷ್ಣನಗರದ ಹಿಂಭಾಗದಲ್ಲಿ ನೆಲಮಟ್ಟದ ಬಾಡಿಗೆ ಮನೆ. ಸಂಕ್ರಾಂತಿಗೆ ಒಂದು ವಾರ ಇರುವಾಗ ಗೌರಿ, "ಹಿಂದ್ಗಡೆ ಎಲ್ಲೋ ಬಿಲ್ಡಿಂಗ್ ಕೆಲಸ ಶುರು ಮಾಡವ್ರೆ ಕಣ್ರೀ, ರಾತ್ರೀನೂ ಬುಡಲ್ಲ," ಎಂದು ಗೊಣಗಿದಳು. ನನಗೂ ಕೇಳಿತ್ತು. ಕೇಳಿಯೂ ಕೇಳದಂತೆ ಇದ್ದೆ. ಕಿವಿಕೋಲು ಬಾಗಿಲ ಹಿಂದೆಯೇ ಇತ್ತು, ನೆಲಕ್ಕೆ ಊರುವ ಧೈರ್ಯ ಬರಲಿಲ್ಲ. ಅವಳು ಮಲಗಿದ ಮೇಲೆ ಒಂದು ಬೋಗುಣಿಯಲ್ಲಿ ನೀರು ತುಂಬಿ ಒಂದು ಚಿಟಿಕೆ ಅರಿಶಿನ ಹಾಕಿದೆ. ಅರಿಶಿನ ನಡುಗಿತು.

ಹಬ್ಬದ ದಿನ ಎಳ್ಳು ಬೆಲ್ಲ ಕೊಡಲು ಮಾದೇವ ಹೆಂಡತಿ ಮಕ್ಕಳ ಜೊತೆ ಬಂದ. ತಡವಾಯಿತು, ಇಲ್ಲೇ ಉಳಿದುಕೊಳ್ಳಿ ಎಂದಳು ಗೌರಿ. ಬೇಡ ಎನ್ನಲು ನನಗೆ ಕಾರಣ ಸಿಗಲಿಲ್ಲ. ಅಕ್ಕನಿಗೆ ಅವನು ಗುಂಡಿಯ ವಿಷಯ ಒಂದಕ್ಷರ ಹೇಳಿರಲಿಲ್ಲ. ಮಾತಿಗೆ ತಪ್ಪಿದವನು ನಾನು, ನನ್ನ ಮಾನ ಉಳಿಸುತ್ತಿದ್ದವನು ಅವನು. ನಡುಮನೆಯಲ್ಲಿ ಸಾಲಾಗಿ ಚಾಪೆ ಹಾಸಿದರು. ಮಕ್ಕಳೆಲ್ಲ ನಿದ್ದೆ ಹೋದರು. ನಾನೂ ಮಾದೇವನೂ ಅಕ್ಕಪಕ್ಕ ಮಲಗಿದ್ದೆವು.

ದೀಪ ಆರಿಸಿದ ಸ್ವಲ್ಪ ಹೊತ್ತಿಗೆ ಶುರುವಾಯಿತು. ಮಾದೇವ ಮಗ್ಗುಲಾದ. ದಿಂಬು ಸರಿಸಿ ಕಿವಿಯನ್ನು ನೆಲಕ್ಕೆ ಒತ್ತಿದ. ನಾನೂ ಹಾಗೇ ಮಾಡಿದೆ.

ಟಕ್... ಟಿಣ್. ಟಕ್... ಟಿಣ್.

ಕತ್ತಲಲ್ಲಿ ಅವನ ಕಣ್ಣು ನನ್ನ ಕಣ್ಣನ್ನೇ ನೋಡುತ್ತಿದ್ದವು.

"ಭಾವ," ಎಂದ ಪಿಸುಮಾತಿನಲ್ಲಿ. "ನಂದೇ ಗುದ್ದಲಿ."

ನಾನು ಹೂಂ ಎಂದೆ.

"ಅಗೀತಾನೇ ಅವ್ರೆ. ಇನ್ನೂ ಮುಗಿದಿಲ್ಲ ಬುಡಿ. ಮಲ್ಕೊಳಿ."

ಅವನು ಆ ಕಡೆ ತಿರುಗಿ, ಚಿಕ್ಕ ಮಗಳನ್ನು ಹತ್ತಿರಕ್ಕೆ ಎಳೆದುಕೊಂಡ. ಒಳಕೋಣೆಯಿಂದ ಗೌರಿ ನಿದ್ದೆಗಣ್ಣಲ್ಲಿ ಬೈದುಕೊಂಡಳು, "ಈ ಹಾಳು ಸದ್ದು ಯಾವಾಗ್ ನಿಲ್ತದೋ..."

ನಿಲ್ಲಬಾರದು ಗೌರಿ, ನಿಲ್ಲುವ ಮಾತು ಬಾಯಲ್ಲಿ ತರಬೇಡ ಎಂದು ಹೇಳಬೇಕೆನಿಸಿತು. ಹೇಳಿದರೆ ಗುಂಡಿಯಿಂದ ಹಿಡಿದು ಎಲ್ಲ ಹೇಳಬೇಕಾಗುತ್ತದೆ. ಬಾಡಿಗೆ ಮನೆ, ಬಿಟ್ಟು ಹೋಗಬಹುದು, ಹುಡುಕುತ್ತಲೂ ಇದ್ದೇನೆ. ಆದರೆ ಯಾದವಗಿರಿಯಿಂದ ಇಲ್ಲಿಯವರೆಗೆ ದಾರಿ ಹುಡುಕಿಕೊಂಡು ಬಂದವರು ಇನ್ನೊಂದು ಮನೆಗೆ ಬರಲಾರರೇ? ಜೀವಮಾನವಿಡೀ ನೆಲದೊಳಗಿನ ಸದ್ದು ನಿಲ್ಲಿಸಿ ಹೊಟ್ಟೆ ಹೊರೆದವನು ನಾನು. ಅವತ್ತಿನಿಂದ ಪ್ರತಿ ರಾತ್ರಿ ನೆಲಕ್ಕೆ ಕಿವಿಯಿಟ್ಟು, ಇನ್ನೊಂದೇಟು, ಇನ್ನೊಂದೇಟು ಎಂದು ಕೈಮುಗಿದು ಬೇಡಿಕೊಳ್ಳುತ್ತೇನೆ. ಬೆಳಗ್ಗೆ ಹಾಲಿನವನು ಬಂದು ಗೇಟು ತೆಗೆಯುವವರೆಗೂ ಎಣಿಸುತ್ತೇನೆ.